ಖಾಲಿ ಡಿಸ್ಕು ಆರಿಸುತ್ತಿದ್ದವರು

ಕಳೆದ ತಿಂಗಳು ಹಲಸೂರಿನಲ್ಲಿ ಅವರ ಶ್ರದ್ಧಾಂಜಲಿ ಸಭೆ ನಡೆಯಿತು. ಮಾತಾಡಿದವರೆಲ್ಲ ಹೆಚ್ಚುಕಡಿಮೆ ಒಂದೇ ಮಾತು ಹೇಳಿದರು. ಇದ್ದುದರಲ್ಲೇ ತೃಪ್ತಿಪಟ್ಟ ಜೀವ, ಕಣ್ಣಿಲ್ಲದಿದ್ದರೂ ಯಾರನ್ನೂ ದೂರಲಿಲ್ಲ, ಕೊಟ್ಟದ್ದನ್ನು ಕೈಮುಗಿದು ತೆಗೆದುಕೊಂಡರು, ಹೀಗೆ. ಹಾರ ಹಾಕಿದ ಫೋಟೋದ ಎದುರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ನನಗೆ ಮೈಯೆಲ್ಲ ಉರಿದುಹೋಯಿತು. ಇಷ್ಟು ವರ್ಷ ಇವರೆಲ್ಲ ನೋಡಿದ್ದು ಯಾರನ್ನು? ನಾನು ಕಂಡ ಮನುಷ್ಯ ಹೋಟೆಲಿನಲ್ಲಿ ಕಾಫಿ ಬಿಸಿ ಸಾಲದಿದ್ದರೆ ಲೋಟವನ್ನು ಹಾಗೇ ವಾಪಸು ಕಳಿಸುವವರು. ಖಾಲಿ ಡಿಸ್ಕು ಕೊಳ್ಳಲು ಹೊರಟರೆ ಅರ್ಧ ಶಿವಾಜಿನಗರಕ್ಕೆ ತಲೆನೋವು ತರಿಸುವವರು. ಸಭೆಯಲ್ಲಿ ನನ್ನನ್ನು ಯಾರೂ ಮಾತಿಗೆ ಕರೆಯಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಹಲಸೂರು ಕೆರೆಯ ರಸ್ತೆಯಿಂದ ಒಳಗೆ ತಿರುಗಿದರೆ ಒಂದು ಹಳೆಯ ಹೆಂಚಿನ ಮನೆಯಲ್ಲಿ ನಮ್ಮ ಟ್ರಸ್ಟಿನ ಲೈಬ್ರರಿ ಇತ್ತು. ಪುಸ್ತಕ ಕಡಿಮೆ, ಡಿಸ್ಕು, ಅಂದರೆ ಸಿ.ಡಿ., ಜಾಸ್ತಿ ಇದ್ದ ಲೈಬ್ರರಿ. ದೃಷ್ಟಿಯಿಲ್ಲದ ವಿದ್ಯಾರ್ಥಿಗಳ ಪಠ್ಯಪುಸ್ತಕಗಳನ್ನು ನಮ್ಮಂಥವರು ಗಟ್ಟಿಯಾಗಿ ಓದುವುದು, ಅದನ್ನು ಕಂಪ್ಯೂಟರಿನಲ್ಲಿ ಹಿಡಿದಿಟ್ಟು ಡಿಸ್ಕಿಗೆ ಇಳಿಸುವುದು, ಆ ಡಿಸ್ಕನ್ನು ವಿದ್ಯಾರ್ಥಿಗಳು ಮನೆಗೆ ಒಯ್ದು ಪ್ಲೇಯರಿನಲ್ಲಿ ಹಾಕಿ ಕೇಳುವುದು, ಇದು ಅಲ್ಲಿಯ ಕೆಲಸ. ನಾನಾಗ ವಿಮಾ ಕಚೇರಿಯಲ್ಲಿದ್ದೆ, ಇಂದಿರಾನಗರದ ಸ್ಟಾಫ್ ಕಾಲೊನಿಯಲ್ಲಿ ಮನೆ. ನನ್ನ ಧ್ವನಿ ಚೆನ್ನಾಗಿದೆ ಎಂದು ನಾಲ್ಕು ಜನ ಹೊಗಳಿದ್ದೇ ತಡ, ಉಬ್ಬಿಹೋಗಿ ಶನಿವಾರದ ಮಧ್ಯಾಹ್ನಗಳಲ್ಲಿ ಅಲ್ಲಿಗೆ ಓದಲು ಹೋಗತೊಡಗಿದೆ. ಲೈಬ್ರರಿ ನೋಡಿಕೊಳ್ಳುತ್ತಿದ್ದವರು ಅವರು. ನಾವೆಲ್ಲ ಅವರನ್ನು ಸಾರ್ ಎನ್ನುತ್ತಿದ್ದೆವು, ಅವರು ನಮ್ಮನ್ನೆಲ್ಲ ಮೇಡಂ, ಸಾರ್ ಎಂದು ಮರ್ಯಾದೆಯಿಂದ ಕರೆದೇ ಬೈಯುತ್ತಿದ್ದರು.

ಅವರು ಕಗ್ಗದಾಸಪುರದವರು. ಊರು ಊರಾಗಿದ್ದಾಗ ರಾಗಿ ಬೆಳೆಯುತ್ತಿದ್ದ ಮನೆತನ, ಆಮೇಲೆ ಅದೇ ಹೊಲದಲ್ಲಿ ಬಾಡಿಗೆ ಮನೆಗಳು ಎದ್ದವು. ಚಿಕ್ಕಂದಿನಲ್ಲಿ ಜ್ವರ ಬಂದು ದೃಷ್ಟಿ ಹೋಯಿತಂತೆ. ಆದರೆ ಹೊಟ್ಟೆಪಾಡಿಗೆ ಕೆಲಸ ಮಾಡಬೇಕಾದ ಗತಿ ಅವರಿಗಿರಲಿಲ್ಲ. “ಅಣ್ಣ, ಸುಮ್ನೆ ಮನೇಲಿ ಕೂತ್ಕೊಂಡು ಬಾಡಿಗೆ ಇಸ್ಕೊಂಡಿರು, ಬಸ್ಸಲ್ಲಿ ಯಾಕೆ ಒದ್ದಾಡ್ತೀಯ” ಎಂದು ತಮ್ಮಂದಿರು ಹೇಳಿದರೆ, “ಬಿಲ್ಡಿಂಗ್ ನೋಡ್ಕೊಳೋಕೆ ಕಣ್ಣಿರೋರು ನೀವಿದ್ದೀರಲ್ಲ, ನಾನ್ಯಾಕೆ” ಎನ್ನುತ್ತಿದ್ದರಂತೆ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಒಪ್ಪವಾಗಿ ಬಾಚಿದ ಕೂದಲು, ಗಾಜು ತೆರೆದು ಮುಳ್ಳು ಮುಟ್ಟಿ ನೋಡುವ ಕೈಗಡಿಯಾರ. ಅಂಗಿಯ ಮೇಲೆ ಕಲೆ ಇದೆಯಾ ಎಂದು ದಿನಕ್ಕೊಮ್ಮೆಯಾದರೂ ನಮ್ಮಲ್ಲಿ ಯಾರನ್ನಾದರೂ ಕೇಳಿ ಖಾತ್ರಿ ಮಾಡಿಕೊಳ್ಳುತ್ತಿದ್ದರು.

ಡಿಸ್ಕು ಕೊಳ್ಳಲು ಅವರ ಜೊತೆ ಶಿವಾಜಿನಗರಕ್ಕೆ ಹೋಗುವುದು ಒಂದು ಹಬ್ಬ. ಮಾರ್ಕೆಟ್ಟಿನ ಹಿಂದೆ, ಅತ್ತರು ಅಂಗಡಿಗೂ ಗಡಿಯಾರ ರಿಪೇರಿಯವನಿಗೂ ನಡುವೆ ಒಂದು ಸಣ್ಣ ಅಂಗಡಿ. ಮಾಲೀಕ ನಯಾಜ್ ಭಾಯಿ ಇವರನ್ನು ಕಂಡರೆ ಸ್ಟೂಲು ಒರೆಸಿ ಹಾಕುತ್ತಿದ್ದ, ಹಣೆಯನ್ನೂ ಚಚ್ಚಿಕೊಳ್ಳುತ್ತಿದ್ದ. ಇವರು ಕಟ್ಟು ಒಡೆಸಿ ಒಂದು ಡಿಸ್ಕು ತೆಗೆಸಿ, ನಡುವಿನ ತೂತಿನೊಳಗೆ ಬೆರಳಿಟ್ಟು ಸುತ್ತುತ್ತಿದ್ದರು. ಅಂಚಿನಲ್ಲಿ ಎಲ್ಲಾದರೂ ತರಿ ಸಿಕ್ಕರೆ ಅಲ್ಲಿಗೇ ಮುಗಿಯಿತು. ಆಮೇಲೆ ತೋರುಬೆರಳಿನ ಮೇಲೆ ಅದನ್ನು ನಿಲ್ಲಿಸಿ ತಿರುಗಿಸಿ, ತೂಕ ಒಂದೇ ಕಡೆ ಎಳೆಯುತ್ತದೆಯೇ ನೋಡುವುದು. ಕೊನೆಗೆ ನನ್ನ ಕಡೆ ತಿರುಗಿ, “ಬಣ್ಣ ಹೇಳಿ ಮೇಡಂ.”

“ಹಸಿರು.”

“ಯಾವ ಹಸಿರು? ರಾಗಿ ಪೈರು ಎಳೇದಿದ್ದಾಗ ಇರುತ್ತಲ್ಲ ಅದಾ, ಕೆರೆ ಪಾಚಿದಾ?”

ಪಟ್ಟಣದಲ್ಲಿ ಹುಟ್ಟಿದ ನಾನು ಎಳೆಯ ರಾಗಿ ಪೈರನ್ನು ನೆಟ್ಟಗೆ ನೋಡಿದವಳೇ ಅಲ್ಲ. ಏನೋ ಒಂದು ಹೇಳುತ್ತಿದ್ದೆ. ಅವರಿಗೆ ನೆನಪಿದ್ದ ಬಣ್ಣಗಳೆಲ್ಲ ಜ್ವರಕ್ಕೆ ಮುಂಚಿನ ಕಗ್ಗದಾಸಪುರದವು. ತಿಳಿಹಸಿರು, ಸ್ವಲ್ಪ ಬಂಗಾರದ ಕಡೆ ವಾಲಿದ ಡಿಸ್ಕೇ ಬಾಳುತ್ತದೆ, ಕಡುನೀಲಿಯದನ್ನು ನಂಬಬಾರದು ಎಂಬುದು ಅವರ ಸಿದ್ಧಾಂತ. ಇದು ಪೂರ್ತಿ ಸರಿಯೇನಲ್ಲ ಎಂದು ಆಮೇಲೆ ತಿಳಿದವರೊಬ್ಬರು ಹೇಳಿದರು. ಅವರ ಮುಂದೆ ಹೇಳುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ.

“ಏನ್ ಸಾಬ್, ಎಲ್ಲಾ ಕಟ್ಟೂ ಒಡ್ದು ಒಡ್ದು ನೋಡಿದ್ರೆ ನಾನ್ ಮಾರೋದ್ ಯಾರಿಗೆ?” ಎನ್ನುತ್ತಿದ್ದ ನಯಾಜ್ ಭಾಯಿ.

“ಕಣ್ಣಿರೋರಿಗೆ ಮಾರು. ಅವ್ರು ಡಬ್ಬಿ ಮೇಲಿನ ಹೆಸ್ರು ನೋಡಿ ತಗೋತಾರೆ.”

ಡಬ್ಬಿಯ ಮೇಲಿನ ಹೆಸರನ್ನು ಅವರು ಸುತರಾಂ ನಂಬುತ್ತಿರಲಿಲ್ಲ. ಒಂದೇ ಹೆಸರಿನ ಡಬ್ಬಿಗೆ ಈ ತಿಂಗಳು ಒಂದು ಕಾರ್ಖಾನೆಯ ಡಿಸ್ಕು, ಮುಂದಿನ ತಿಂಗಳು ಇನ್ನೊಂದರದು ತುಂಬಿ ಬರುತ್ತದೆ ಎಂದು ಅವರಿಗೆ ಗೊತ್ತಿತ್ತು. ಆದ್ದರಿಂದ ಮೊದಲ ದಿನ ಒಂದೇ ಡಿಸ್ಕು ಕೊಳ್ಳುವುದು. ಲೈಬ್ರರಿಯ ಕಂಪ್ಯೂಟರು ಪರದೆಯ ಮೇಲಿನದನ್ನು ಓದಿ ಹೇಳುವಂಥದ್ದು. ಡಿಸ್ಕು ಹಾಕಿದರೆ ಅದನ್ನು ನಿಜವಾಗಿ ಮಾಡಿದವರು ಯಾರು ಎಂಬ ಗುರುತನ್ನು ಮೂಗಿನಲ್ಲಿ ಮಾತಾಡುವ ಇಂಗ್ಲಿಷಿನಲ್ಲಿ ಹೇಳುತ್ತಿತ್ತು. ಒಪ್ಪಿಗೆಯಾದರೆ ಮಾರನೆಯ ದಿನವೇ ಹೋಗಿ ಅದೇ ಕಟ್ಟಿನ ಉಳಿದದ್ದನ್ನು ತರುವುದು. ಅದರಲ್ಲೂ ಕಟ್ಟಿನ ತಳದಲ್ಲಿ ಅದುಮಿಕೊಂಡಿದ್ದವು ಬೇಡ, ನಡುವಿನವು ಬೇಕು.

ಓದಿದ್ದನ್ನು ಡಿಸ್ಕಿಗೆ ಬರೆಯುವುದು ಇನ್ನೊಂದು ವ್ರತ. ಯಂತ್ರದ ವೇಗವನ್ನು ಅತಿ ಕಡಿಮೆಗಿಟ್ಟು, ಕಂಪ್ಯೂಟರಿನ ಡಬ್ಬದ ಮೇಲೆ ಅಂಗೈ ಊರಿ ಕೂರುತ್ತಿದ್ದರು. ಆ ಹೊತ್ತಿನಲ್ಲಿ ಯಾರೂ ಬಾಗಿಲು ಬಡಿಯಬಾರದು, ಕುರ್ಚಿ ಎಳೆಯಬಾರದು. ಡಿಸ್ಕಿನ ಮೇಲೆ ಕಾಗದದ ಚೀಟಿ ಅಂಟಿಸಿದರೆ ಜೀವ ತಿನ್ನುತ್ತಿದ್ದರು, ಚೀಟಿಯ ಭಾರಕ್ಕೆ ಡಿಸ್ಕು ಓಲಾಡುತ್ತದೆ ಎಂದು. ಬರೆದಾದ ಮೇಲೆ ಅಲ್ಲಿ ಇಲ್ಲಿ ಕೇಳಿ ಬಿಡುವುದಿಲ್ಲ, ಇಡೀ ಪುಸ್ತಕ ಕೇಳಬೇಕು. ಹೀಗೆ ಕೇಳಿ ಕೇಳಿ ಅವರಿಗೆ ಬಿ.ಎಡ್. ಮನಶ್ಶಾಸ್ತ್ರ, ಗ್ರಾಮೀಣ ಅರ್ಥಶಾಸ್ತ್ರ, ಭಾರತದ ಸಂವಿಧಾನ ಎಲ್ಲ ಬಾಯಿಪಾಠ. ಒಂದು ಸಲ ನನ್ನನ್ನು ಕರೆದು, “ಮೇಡಂ, ಮೌರ್ಯರ ಕಾಲದಲ್ಲಿ ನಿಮಗೆ ಹಸಿವಾಗಿತ್ತು” ಎಂದರು. “ಏನ್ ಸಾರ್ ಹಾಗಂದ್ರೆ?” ಎಂದೆ. “ಅಶೋಕ ಬರೋ ಹೊತ್ತಿಗೆ ಓಡ್ತಿದ್ದೀರ. ಊಟ ಮಾಡ್ಕೊಂಡು ಬಂದು ಮತ್ತೆ ಓದಿ, ಪಾಪ ಅವ್ನು ನಿಧಾನಕ್ಕೆ ಆಳ್ಲಿ.” ನಾನು ಆ ದಿನ ನಿಜವಾಗಿಯೂ ಊಟ ಬಿಟ್ಟು ಬಂದಿದ್ದೆ.

ಅವರಿಗೆ ಕಂಡರಾಗದ ಒಂದು ಮಾತಿತ್ತು, ‘ಪರವಾಗಿಲ್ಲ’. ಯಾರಾದರೂ ಪರವಾಗಿಲ್ಲ ಸಾರ್ ಎಂದರೆ “ಯಾರಿಗೆ ಪರವಾಗಿಲ್ಲ?” ಎಂದು ತಟಕ್ಕನೆ ಕೇಳುತ್ತಿದ್ದರು. ಕಣ್ಣಿಲ್ಲದವರಿಗೆ ಕೊಡುವ ವಸ್ತುವಿನಲ್ಲಿ, ತೋರಿಸುವ ಕರುಣೆಯಲ್ಲಿ ಆ ಮಾತು ಅಡಗಿ ಕೂತಿರುತ್ತದೆ ಎಂದು ಅವರಿಗೆ ಸಿಟ್ಟು. ಮೆಟ್ರೋ ಹೊಸದಾಗಿ ಓಡತೊಡಗಿದ್ದ ಕಾಲದಲ್ಲಿ ಒಮ್ಮೆ ಹಲಸೂರು ಸ್ಟೇಷನ್ನಿನಲ್ಲಿ ನನಗಾಗಿ ಕಾಯುತ್ತಿದ್ದರು. ನಾನು ಹೋದಾಗ ಇಲ್ಲ. ತುಂಬಾ ಹೊತ್ತಿನ ಮೇಲೆ ಎದುರಿನ ರೈಲಿನಿಂದ ಇಳಿದು ಬಂದರು. ಯಾರೋ ಪುಣ್ಯಾತ್ಮ, ಕುರುಡರು ಒಬ್ಬರೇ ನಿಂತಿದ್ದಾರೆ ಎಂದು ತೋಳು ಹಿಡಿದು ರೈಲು ಹತ್ತಿಸಿ, ಇನ್ನೊಬ್ಬರನ್ನು ಎಬ್ಬಿಸಿ ಸೀಟು ಕೊಡಿಸಿ, ಬೈಯಪ್ಪನಹಳ್ಳಿಗೆ ಮುಟ್ಟಿಸಿದ್ದರು. “ಎಲ್ಲಿಗೆ ಹೋಗ್ಬೇಕು ಅಂತ ಒಂದ್ ಮಾತು ಕೇಳಿದ್ರೆ ಅವ್ರ ಪುಣ್ಯ ಕಮ್ಮಿ ಆಗ್ತಿತ್ತೇನೋ ಪಾಪ” ಎಂದರು. ನನಗೆ ನಗು ತಡೆಯಲಾಗಲಿಲ್ಲ, ಅವರೂ ನಕ್ಕರು.

ಲೈಬ್ರರಿಗೆ ದಾನವಾಗಿ ಬರುತ್ತಿದ್ದ ಡಿಸ್ಕುಗಳ ವಿಷಯದಲ್ಲಿ ಮಾತ್ರ ಅವರು ನಗುತ್ತಿರಲಿಲ್ಲ. ಮಗುವಿನ ಹುಟ್ಟುಹಬ್ಬ, ತಾಯಿಯ ವರ್ಷಾಬ್ದಿಕ, ಆಫೀಸಿನವರ ಸೇವಾ ದಿನ, ಯಾವುದಕ್ಕೂ ಜನ ಖಾಲಿ ಡಿಸ್ಕಿನ ಡಬ್ಬಿಗಳನ್ನು ಹೊತ್ತು ತಂದು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಬರುತ್ತಿದ್ದವು ಬಹುಪಾಲು ಅಗ್ಗದ ಮಾಲು. ಸಾರ್ ಅವನ್ನೆಲ್ಲ ಬೀರುವಿನ ತಳಕ್ಕೆ ತಳ್ಳುತ್ತಿದ್ದರು. ಟ್ರಸ್ಟಿನ ಕಾರ್ಯದರ್ಶಿಗಳಿಗೆ ಇದು ಸಂಕಟ. ಕಾರ್ಖಾನೆಯೊಂದರಲ್ಲಿ ಅಧಿಕಾರಿಯಾಗಿ ನಿವೃತ್ತರಾಗಿದ್ದ ಅವರು ಕೆಟ್ಟವರಲ್ಲ. ಮನೆಮನೆ ಅಲೆದು ಆ ಲೈಬ್ರರಿ ಉಳಿಸಿದವರೇ ಅವರು, ಬರುವಾಗ ನಮಗೆಲ್ಲ ಬಿಸ್ಕತ್ತು ತರುತ್ತಿದ್ದರು.

“ದಾನ ಬಂದದ್ದನ್ನ ಹೀಗೆ ಮೂಲೆಗೆ ಹಾಕಿದ್ರೆ ಕೊಟ್ಟೋರಿಗೆ ಏನ್ ಅನ್ಸುತ್ತೆ ಹೇಳ್ರೀ.”

“ನಿಮ್ಮ ಮೊಮ್ಮಗನ ಟೆಕ್ಸ್ಟ್‌ಬುಕ್ಕಲ್ಲಿ ನಡುವೆ ಒಂದು ಪಾಠ ಅಂಟ್ಕೊಂಡಿದ್ರೆ ಸುಮ್ನಿರ್ತೀರಾ ಸಾರ್? ಅಂಗಡಿಯವನ ಮುಖದ ಮೇಲೆ ಎಸೆದು ಬರ್ತೀರ.”

ಇದು ನಡೆದೇ ಇತ್ತು. ಅಂಥದೊಂದು ವರ್ಷ ನಾನು ಸುಜಾತಾ ಎಂಬ ಹುಡುಗಿಗಾಗಿ ಕಾನೂನಿನ ಪುಸ್ತಕ ಓದುತ್ತಿದ್ದೆ. ರಾಮಮೂರ್ತಿ ನಗರದಲ್ಲಿ ಬಾಡಿಗೆಗಿದ್ದ ಡ್ರೈವರೊಬ್ಬರ ಮಗಳು, ಹುಟ್ಟಿನಿಂದ ದೃಷ್ಟಿಯಿಲ್ಲ, ಎಲ್‌ಎಲ್‌ಬಿ ಕೊನೆಯ ವರ್ಷ. ಸಾಕ್ಷ್ಯದ ಕಾನೂನು ಅವಳಿಗೂ ಕಷ್ಟ, ಓದುವ ನನಗೂ ಕಷ್ಟ. ತಿಂಗಳುಗಟ್ಟಲೆ ಓದಿ ಮುಗಿಸುವ ಹೊತ್ತಿಗೆ ಸಾರ್ ತಮ್ಮನ ಮಗಳ ಮದುವೆಯೆಂದು ಒಂದು ವಾರ ರಜೆ ಹಾಕಿದರು. ಹುಡುಗಿಗೆ ತಡವಾಗದಿರಲಿ ಎಂದು ಕಾರ್ಯದರ್ಶಿಗಳು ಬೀರುವಿನ ತಳದಿಂದ ದಾನದ ಡಿಸ್ಕೊಂದನ್ನು ತೆಗೆದು ಪುಸ್ತಕ ಇಳಿಸಿ ಕೊಟ್ಟುಬಿಟ್ಟರು. ಅವರ ಉದ್ದೇಶ ಒಳ್ಳೆಯದೇ ಇತ್ತು.

ಫಲಿತಾಂಶ ಬಂದ ಮೇಲೆ ಸುಜಾತಾ ಲೈಬ್ರರಿಗೆ ಬಂದಳು. ಆ ಪತ್ರಿಕೆಯೊಂದರಲ್ಲೇ ಫೇಲು. ಮತ್ತೆ ಕಟ್ಟಬೇಕು, ಅಲ್ಲಿಯ ತನಕ ಡಿಗ್ರಿ ಇಲ್ಲ, ಮನೆಯಲ್ಲಿ ಓದು ಸಾಕು ಎನ್ನುತ್ತಿದ್ದಾರೆ. ಮಾತಿನ ನಡುವೆ ಡಿಸ್ಕಿನ ವಿಷಯ ಬಂತು. ಮೊದಮೊದಲು ಸರಿಯಾಗಿಯೇ ಓಡಿತಂತೆ. ಆಮೇಲೆ ನಡುವಿನ ಅಧ್ಯಾಯಗಳಲ್ಲಿ ತಡವರಿಸಿ, ಕೊನೆಗೆ ಅಲ್ಲಿಂದ ಮುಂದಕ್ಕೆ ಹೋಗಲೇ ಇಲ್ಲ. ಪ್ರಶ್ನೆಗಳು ಬಂದದ್ದು ಆ ಅಧ್ಯಾಯಗಳಿಂದಲೇ.

“ಯಾವಾಗ ನಿಂತಿದ್ದಮ್ಮ ಅದು?” ಎಂದು ಸಾರ್ ಕೇಳಿದರು.

“ಪರೀಕ್ಷೆಗೆ ತುಂಬಾ ಮುಂಚೇನೇ ಸಾರ್.”

“ಮತ್ತೆ ಯಾಕೆ ಬರ್ಲಿಲ್ಲ? ಬೇರೆ ಮಾಡ್ಕೊಡ್ತಿದ್ವಲ್ಲ.”

“ಫ್ರೀಯಾಗಿ ಕೊಡ್ತೀರ. ಅದ್ರಲ್ಲೂ ಇದು ಸರಿಯಿಲ್ಲ ಅಂತ ಬಂದು ಹೇಳೋದಾ ಅನ್ನಿಸ್ತು. ಪರವಾಗಿಲ್ಲ ಬಿಡಿ ಸಾರ್.”

ಈಗ ಗುಡುಗುತ್ತಾರೆ ಎಂದು ನಾನು ಕಾದೆ. ಅವರು ಗುಡುಗಲಿಲ್ಲ. ಅವಳು ಹೋದ ಮೇಲೆ ಅಲ್ಲೇ ಇದ್ದ ಕಾರ್ಯದರ್ಶಿಗಳ ಕಡೆ ತಿರುಗಿ ಮೆಲ್ಲಗೆ ಹೇಳಿದರು: “ಡಿಸ್ಕು ಕೆಟ್ಟಿದ್ದು ಹಾಗಿರ್ಲಿ ಸಾರ್. ಕೆಟ್ಟಿದೆ ಅಂತ ಬಾಯಿಬಿಟ್ಟು ಹೇಳೋದಕ್ಕೇ ಆಗದ ಹಾಗೆ ಆ ಹುಡುಗೀನ ಮಾಡಿಟ್ಟಿದ್ದೀವಿ. ನಾಳೆ ಕೋರ್ಟಲ್ಲಿ ಇನ್ನೊಬ್ಬರ ಪರ ಏನ್ ಮಾತಾಡ್ತಾಳೆ ಅವ್ಳು?” ಕಾರ್ಯದರ್ಶಿಗಳ ಕಣ್ಣು ತುಂಬಿತು. ಅದನ್ನು ಸಾರ್‌ಗೆ ಹೇಳಲೋ ಬೇಡವೋ ನನಗೆ ತಿಳಿಯಲಿಲ್ಲ.

ಅವಳು ಮತ್ತೆ ಪರೀಕ್ಷೆಗೆ ಕೂರುವುದರೊಳಗೆ ಆ ಪುಸ್ತಕ ಇಡಿಯಾಗಿ, ಕೈಕೊಡದ ಡಿಸ್ಕಿನಲ್ಲಿ ಅವಳ ಕೈಸೇರಬೇಕು. ಅದೊಂದೇ ಅವರ ತಲೆಯಲ್ಲಿ. ಆದರೆ ಅಷ್ಟರಲ್ಲಿ ಪೇಟೆಯೇ ಬದಲಾಗಿತ್ತು. ಎಲ್ಲರೂ ಪೆನ್‌ಡ್ರೈವಿಗೆ, ಫೋನಿಗೆ ಹೋಗಿದ್ದರು. ಸುಜಾತಾಳ ಮನೆಯಲ್ಲಿದ್ದ ಹಳೆಯ ಪ್ಲೇಯರಿಗೆ ಡಿಸ್ಕು ಬಿಟ್ಟು ಬೇರೇನೂ ಹಿಡಿಸುತ್ತಿರಲಿಲ್ಲ. ಶಿವಾಜಿನಗರಕ್ಕೆ ಹೋದರೆ ನಯಾಜ್ ಭಾಯಿಯ ಅಂಗಡಿಯ ತುಂಬ ಫೋನಿನ ಕವರುಗಳು ನೇತಾಡುತ್ತಿದ್ದವು. “ಯಾರ್ ತಗೋತಾರೆ ಸಾಬ್ ಈಗ” ಎನ್ನುತ್ತ ಒಳಗಿಂದ ಧೂಳು ಹಿಡಿದ ಒಂದು ಕಟ್ಟು ತಂದ. ಸಾರ್ ಬೆರಳಾಡಿಸಿ ನೋಡಿ ವಾಪಸು ಕೊಟ್ಟರು. ಮೇಲಿನ ಪದರ ಬಿಸಿಲಿಗೆ ಎದ್ದಿತ್ತು. ಹಣೆ ಚಚ್ಚಿಕೊಳ್ಳಲಿಲ್ಲ ಅವನು, ಇಬ್ಬರಿಗೂ ಚಹಾ ತರಿಸಿ ಕೊಟ್ಟ. ಆ ಚಹಾ ಕುಡಿಯುವಾಗ ನನಗೆ ಯಾಕೋ ತುಂಬಾ ದುಃಖವಾಯಿತು.

ಕೆ.ಆರ್. ಪುರದ ಸಂತೆಬೀದಿಯ ಎಲೆಕ್ಟ್ರಿಕ್ ಅಂಗಡಿಗಳಲ್ಲಿ ಕೇಳಿದೆವು. ಕಡುನೀಲಿಯವು ಸಿಕ್ಕವು, ಅವರು ಮುಟ್ಟಲೂ ಇಲ್ಲ. “ಸಾರ್, ಪರೀಕ್ಷೆ ಹತ್ರ ಬಂತು, ಇದನ್ನೇ ಒಂದು ನೋಡೋಣ” ಎಂದು ನಾನು ಗೋಗರೆದೆ. “ನೋಡೋಣ ಅಂತ ಆ ಹುಡುಗಿ ಮೇಲೆ ನೋಡೋದಾ?” ಎಂದರು. ಅವರ ಹಠಕ್ಕೆ ನನಗೂ ರೇಗಿತು.

ಕೊನೆಗೆ ಸಿಕ್ಕಿದ್ದು ಹಲಸೂರಿನಲ್ಲೇ, ಲೈಬ್ರರಿಯಿಂದ ಕೂಗಳತೆಯ ದೂರದಲ್ಲಿ. ಮದುವೆ ವಿಡಿಯೋ ಮಾಡುವ ಒಬ್ಬ ಸ್ಟುಡಿಯೋದವರು ತಮ್ಮ ಸ್ವಂತಕ್ಕೆಂದು ಹಳೆಯ ಒಳ್ಳೆಯ ಮಾಲನ್ನು ಬೀರುವಿನಲ್ಲಿ ಬಿಗಿಯಾಗಿ ಮುಚ್ಚಿಟ್ಟಿದ್ದರು. ಮಾರುವುದಿಲ್ಲ ಎಂದರು. ಸಾರ್ ಸ್ಟೂಲೆಳೆದು ಕೂತು ತಮಿಳಿನಲ್ಲಿ ಶುರು ಮಾಡಿದರು. ಕೂಗಾಟವೂ ಆಯಿತು, ನಗುವೂ ಆಯಿತು. ಯಾವ ಛತ್ರದಲ್ಲಿ ಯಾವ ಅಡುಗೆಯವನ ಸಾಂಬಾರು ಚೆನ್ನಾಗಿರುತ್ತಿತ್ತು ಎಂಬಲ್ಲಿಗೆ ಮಾತು ಹೋಗಿ, ಅಲ್ಲಿಂದ ಡಿಸ್ಕಿಗೆ ಬಂತು. ಎರಡು ಕೊಟ್ಟರು. “ರೆಂಡೇ ರೆಂಡು ಸಾರ್, ಅದಕ್ಕಿಂತ ಒಂದೂ ಇಲ್ಲ” ಎಂದು ಕನ್ನಡವನ್ನೂ ತಮಿಳನ್ನೂ ಬೆರೆಸಿ ಕಡ್ಡಿ ಮುರಿದಂತೆ ಹೇಳಿದರು. ಸಾರ್ ಅವನ್ನು ಬೆರಳ ಮೇಲೆ ತಿರುಗಿಸಿದರು, ನನ್ನಿಂದ ಬಣ್ಣ ಹೇಳಿಸಿಕೊಂಡರು. ತಿಳಿಹಸಿರು, ಬಂಗಾರದ ಕಡೆ ವಾಲಿದ್ದು. ಒಂದು ಪುಸ್ತಕಕ್ಕೆ, ಇನ್ನೊಂದು ಕಾಪಾಡಿ ಇಡುವುದಕ್ಕೆ ಎಂದು ತೀರ್ಮಾನಿಸಿದರು. ಮುಂದೆ ಇನ್ನು ಯಾವ ಮಗುವಿಗೆ ಬೇಕಾಗುತ್ತದೋ ಎಂಬ ಯೋಚನೆ ಅವರಿಗೆ.

ಸುಜಾತಾ ಆ ಸಲ ಪಾಸಾದಳು, ಈಗ ವಕೀಲೆ. ಅದು ಎಲ್ಲರಿಗೂ ಗೊತ್ತು, ಸಭೆಯಲ್ಲೂ ಹೇಳಿದರು. ಸಭೆಯವರಿಗೆ ಗೊತ್ತಿಲ್ಲದ್ದು ಅದಕ್ಕೆ ಮುಂಚಿನ ಒಂದು ಸಂಜೆ.

ಡಿಸ್ಕು ಬರೆದಾಗಿತ್ತು. ಸಾರ್ ಈ ಸಲ ತಾವು ಕೇಳಲಿಲ್ಲ. ಸುಜಾತಾಳನ್ನೇ ಕರೆಸಿ, “ಇಲ್ಲೇ ಕೂತು ಪೂರ್ತಿ ಕೇಳು, ಆಮೇಲೆ ಮನೆಗೆ ತಗೊಂಡ್ಹೋಗು” ಎಂದರು.

“ಬೇಡ ಸಾರ್, ನೀವು ಮಾಡಿದ್ದು ಅಂದ್ರೆ ಚೆನ್ನಾಗೇ ಇರುತ್ತೆ.”

“ನನ್ನ ಮುಖ ನೋಡಿ ನಂಬೋದಕ್ಕೆ ನಿನಗೂ ಕಣ್ಣಿಲ್ಲ. ಕೇಳು. ಏನಾದ್ರೂ ಸರಿಯಿಲ್ಲ ಅಂದ್ರೆ ಹೇಳು.”

ಅವಳು ಕೆಲವು ಸಂಜೆ ಬಂದು ಕೂತು ಕೇಳಿದಳು. ಆ ದಿನ ನಾನೂ ಇದ್ದೆ, ಹೊರಡಲು ಬ್ಯಾಗು ಹೆಗಲಿಗೇರಿಸಿದ್ದೆ, ಮನೆಗೆ ನೆಂಟರು ಬರುವವರಿದ್ದರು. ಡಿಸ್ಕು ಎಲ್ಲೂ ತಡವರಿಸದೆ ಓಡುತ್ತಿತ್ತು, ನನ್ನ ಧ್ವನಿ ನನಗೇ ಹಿತವಾಗಿ ಕೇಳುತ್ತಿತ್ತು. ಇದ್ದಕ್ಕಿದ್ದಂತೆ ಸುಜಾತಾ ನಿಲ್ಲಿಸಿದಳು. ಹಿಂದಕ್ಕೆ ಹೋಗಿ ಮತ್ತೆ ಕೇಳಿದಳು, ಮತ್ತೊಮ್ಮೆ ಕೇಳಿದಳು.

“ಸಾರ್… ಡಿಸ್ಕು ಚೆನ್ನಾಗಿದೆ. ಆದ್ರೆ ಇಲ್ಲಿ ಮೇಡಂ ಓದಿರೋದು ಸರಿಯಿಲ್ಲ. ನಿಯಮಾನೂ ಅದರ ವಿನಾಯಿತೀನೂ ಒಂದೇ ಉಸಿರಲ್ಲಿ ಓಡ್ಸಿಬಿಟ್ಟಿದಾರೆ. ಯಾವುದು ಎಲ್ಲಿ ಮುಗೀತು ಗೊತ್ತಾಗ್ತಿಲ್ಲ.”

ನನ್ನ ಮುಖ ಬಿಸಿಯಾಯಿತು. ಇಷ್ಟು ತಿಂಗಳು ಗಂಟಲು ಹರಿದುಕೊಂಡಿದ್ದಕ್ಕೆ ಇದೇ ಏನು ಅನ್ನಿಸಿತು. ಸರಿ, ಮುಂದಿನ ಶನಿವಾರ ನೋಡೋಣ ಎನ್ನುತ್ತಿದ್ದಂತೆ ಅವಳು ನನ್ನ ದನಿ ಬಂದ ಕಡೆ ತಿರುಗಿದಳು. “ಇವತ್ತೇ ಓದಿಕೊಡಿ ಮೇಡಂ. ಪರೀಕ್ಷೆ ನಂದು.”

ಬರೆದ ಡಿಸ್ಕನ್ನು ತಿದ್ದಲು ಬರುವುದಿಲ್ಲ. ಆ ಪ್ಯಾರಾ ಸರಿಯಾಗಬೇಕಾದರೆ ಇಡೀ ಪುಸ್ತಕವನ್ನು ಹೊಸ ಡಿಸ್ಕಿಗೆ ಇಳಿಸಬೇಕು. ಇದ್ದದ್ದು ಒಂದೇ. ನಾನು ಸಾರ್ ಹತ್ತಿರ ಬಾಗಿ ಅವರಿಗಷ್ಟೇ ಕೇಳುವಂತೆ, “ಅದು ಕೊನೇದು ಸಾರ್” ಎಂದೆ. ಅವರು ಕೇಳಿಸಿಕೊಂಡರೋ ಇಲ್ಲವೋ, ಆಗಲೇ ಬೀರು ತೆರೆದಿದ್ದರು. ಡಿಸ್ಕಿನ ಹೊದಿಕೆಯನ್ನು ಹಲ್ಲಿನಿಂದ ಕಚ್ಚಿ ಹರಿದರು. ಅಷ್ಟು ಅಚ್ಚುಕಟ್ಟಿನ ಮನುಷ್ಯ ಹಾಗೆ ಮಾಡಿದ್ದನ್ನು ನಾನು ಅದಕ್ಕೆ ಮೊದಲೂ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ. ಮೈಕಿನ ಗುಂಡಿ ಒತ್ತುವಾಗ ಅವರ ಮುಖ ನೋಡಿದೆ. ಅಳುತ್ತಿದ್ದರು, ಅದು ಅವರಿಗೆ ಗೊತ್ತೂ ಇರಲಿಲ್ಲ ಅನ್ನಿಸುತ್ತದೆ.

ನಾನು ಬ್ಯಾಗು ಇಳಿಸಿ ಪುಸ್ತಕ ತೆರೆದೆ. ಸುಜಾತಾ ಕುರ್ಚಿಯನ್ನು ನನ್ನ ಎದುರಿಗೆ ಎಳೆದುಕೊಂಡು ಕೂತಳು.

“ನಿಧಾನಕ್ಕೆ ಓದಿ ಮೇಡಂ” ಎಂದಳು.

ನಾನು ನಿಧಾನಕ್ಕೆ ಓದಿದೆ.